ಪೊರ್ಬುಗಳ ಹಳದಿ ಜಾಕೆಟ್

ಊರಿನ ಉಳಿದ ಗಂಡಸರು ಕ್ರಿಕೆಟ್ ನೋಡುವಷ್ಟೇ ಶ್ರದ್ಧೆಯಿಂದ ಸಿಪ್ರಿ ಪೊರ್ಬುಗಳು ಟೀವಿಯಲ್ಲಿ ಲಾಠಿಚಾರ್ಜು ನೋಡುತ್ತಿದ್ದರು. ಯಾವ ದೇಶದ್ದಾದರೂ ಆದೀತು. ಪ್ಯಾರಿಸಿನಲ್ಲಿ ಜನ ಪಿಂಚಣಿಗಾಗಿ ಬೀದಿಗಿಳಿದರೆಂದರೆ ಇವರ ಜಗಲಿಯಲ್ಲಿ ಎರಡನೆಯ ಸಲ ಚಹಾ ಕುದಿಯುತ್ತಿತ್ತು. ಟೀವಿಯ ಧ್ವನಿಯನ್ನು ಪೂರ್ತಿ ಅಡಗಿಸಿ, ಕನ್ನಡಕವನ್ನು ಹಣೆಗೇರಿಸಿ, ಅಂಪೈರನ ಗಾಂಭೀರ್ಯದಲ್ಲಿ ಕೂತು ತೀರ್ಪು ಕೊಡುತ್ತಿದ್ದರು.

"ಇವರು ಫ್ರೆಂಚರು ಮಾಷ್ಟ್ರೇ. ಹತ್ತಿರ ಬರುದಿಲ್ಲ, ದೂರದಿಂದಲೇ ಹೊಗೆ ಬಿಡುದು. ನೋಡಿ, ಈಗ ಬಿಡ್ತಾರೆ."

ಬಿಡುತ್ತಿದ್ದರು. ಅವರ ಭವಿಷ್ಯವಾಣಿ ತಪ್ಪಿದ್ದನ್ನು ಆ ಜಗಲಿಯಲ್ಲಿ ನಾನು ಕಂಡಿಲ್ಲ. ಗುಟ್ಟು ಕೇಳಿದರೆ ಹೇಳುತ್ತಿದ್ದರು: "ಪೊಲೀಸನ ಮುಖ ನೋಡ್ಬಾರ್ದು. ಮುಖ ಸರಕಾರದ್ದು. ಕಾಲು ನೋಡ್ಬೇಕು. ಎಡಗಾಲು ಮುಂದೆ ಬಂತಾ, ನೀವು ಮನೆಗೆ ಹೋಗಿ ಮಾರಾಯ್ರೆ."

ಸಿಪ್ರಿಯನ್ ಡಿಸೋಜ ಎಂಬ ಅವರ ಪೂರ್ಣ ನಾಮಧೇಯ ರೇಷನ್ ಕಾರ್ಡಿನಲ್ಲಿ ಮಾತ್ರ ಬಳಕೆಯಲ್ಲಿತ್ತು. ತುಳುವರು ಕ್ರೈಸ್ತರನ್ನು ಮರ್ಯಾದೆಯಿಂದ ಕರೆಯುವ 'ಪೊರ್ಬು' ಎಂಬ ಶಬ್ದವೇ ಮಂಜೇಶ್ವರದ ತೆಂಕಿನ ನಮ್ಮ ಊರಿನಲ್ಲಿ ಅವರ ಹೆಸರಾಗಿ ನಿಂತುಬಿಟ್ಟಿತ್ತು. ಯೌವನವನ್ನೆಲ್ಲ ಕೇಂದ್ರದ ಪೊಲೀಸ್ ಪಡೆಯಲ್ಲಿ ಕಳೆದವರು. ದೇಶದಲ್ಲಿ ಎಲ್ಲಿ ಗಲಾಟೆಯಾದರೂ ಅಲ್ಲಿಗೆ ರೈಲು ಹತ್ತುವುದು ಅವರ ಉದ್ಯೋಗ. "ನಾನು ನೋಡದ ಊರಿಲ್ಲ, ಆದರೆ ಅಂಗಡಿ ತೆರೆದ ಊರು ಒಂದೂ ನೋಡ್ಲಿಲ್ಲ" ಎನ್ನುತ್ತಿದ್ದರು.

ನಿವೃತ್ತಿಗೆ ಮೊದಲು ಶಾಂತಿಪಡೆಯ ನೀಲಿ ಟೊಪ್ಪಿ ಹಾಕಿಸಿ ಅವರನ್ನು ಕೊಸೊವೊಕ್ಕೆ ಕಳಿಸಿದರು. ನಾನಾ ದೇಶಗಳ ಪೊಲೀಸರು ಒಂದೇ ಬಯಲಿನಲ್ಲಿ ಗುಂಪು ಚದರಿಸುವ ಕವಾಯತು ಮಾಡುವ ಜಾಗವಂತೆ ಅದು. ಪಾಪದ ಜನ ಕಾಶಿಗೆ ಹೋಗಿ ಬಂದು ಹೇಳುವ ಹಾಗೆ ಪೊರ್ಬುಗಳು ಆ ಬಯಲಿನ ಮಹಿಮೆ ಹೇಳುತ್ತಿದ್ದರು. ಜರ್ಮನ್ನರು ಮೊದಲು ಮೈಕಿನಲ್ಲಿ ಸವಿಸ್ತಾರವಾಗಿ ತಿಳಿಸಿ, ಎಲ್ಲರಿಗೂ ಅರ್ಥವಾಯಿತೆಂದು ಖಾತ್ರಿಯಾದ ಮೇಲೆ ನೀರು ಹಾರಿಸುವುದು. ಇಂಗ್ಲಿಷರು ಹೊಡೆಯುವುದಿಲ್ಲ, ಸುತ್ತ ನಿಂತುಬಿಡುವುದು. ಒಳಗೆ ಸಿಕ್ಕಿದವನು ಕ್ರಾಂತಿ ಮರೆತು ಮೂತ್ರ ಮಾಡಲು ಬಿಟ್ಟರೆ ಸಾಕೆನ್ನುವ ತನಕ. ನಮ್ಮವರು ಮಾತ್ರ ಕವಾಯತಿನಲ್ಲೂ ಲಾಠಿಯನ್ನು ನಿಜವಾಗಿ ಬೀಸಿ, ಗುಂಪಿನ ಪಾತ್ರ ಮಾಡಿದವನ ಮೊಣಕಾಲು ಮುರಿದರಂತೆ. "ನಮಗೆ ನಾಟಕ ಬರುದಿಲ್ಲ ಮಾಷ್ಟ್ರೇ. ನಾವು ಪ್ರಾಮಾಣಿಕರು."

ಅಲ್ಲಿ ಅವರ ಮನಸ್ಸು ಗೆದ್ದವನು ಸ್ವೀಡನ್ನಿನ ಒಬ್ಬ ಪೊಲೀಸ. ಅವನ ಊರಿನಲ್ಲಿ ಮಿನುಗುವ ಹಳದಿ ಜಾಕೆಟ್ ತೊಟ್ಟ ಕೆಲವರನ್ನು ಎರಡು ಪಕ್ಷಗಳ ನಡುವೆ ಬಿಡುತ್ತಾರಂತೆ. ಕೈಯಲ್ಲಿ ಲಾಠಿ ಇಲ್ಲ, ಗುರಾಣಿ ಇಲ್ಲ. ಮಾತಾಡುವುದೊಂದೇ ಕೆಲಸ. ಆ ಜಾಕೆಟಿನ ಮೇಲೆ ಪೊಲೀಸನೂ ಕೈ ಎತ್ತುವುದಿಲ್ಲ, ಜನರೂ ಎತ್ತುವುದಿಲ್ಲ. ಬೀಳ್ಕೊಡುವಾಗ ಅವನು ತನ್ನ ಜಾಕೆಟನ್ನೇ ಇವರಿಗೆ ಕೊಟ್ಟಿದ್ದ. ಬೆನ್ನಿನಲ್ಲಿ ನಮ್ಮೂರಲ್ಲಿ ಯಾರಿಗೂ ಅರ್ಥವಾಗದ ಅವರ ಭಾಷೆಯ ಬರಹ. ಲಿಲ್ಲಿಬಾಯಿ ಅದನ್ನು ತನ್ನ ಮದುವೆಯ ಸೀರೆಯ ಪಕ್ಕ ನುಸಿಗುಳಿಗೆ ಹಾಕಿ ಇಟ್ಟಿದ್ದರು.

ಲಿಲ್ಲಿಬಾಯಿ ಪೊರ್ಬುಗಳ ಹೆಂಡತಿ. ಮಕ್ಕಳಿರಲಿಲ್ಲ. ಆಕೆ ತೀರಿಕೊಂಡಾಗ ಪೆಟ್ಟಿಗೆಯನ್ನು ಹೆಗಲ ಮೇಲೆ ಹೊತ್ತು, ಮುಂದೆ ಬ್ಯಾಂಡು ಊದಿಸಿ, ಮನೆಯೆದುರಿನ ಹೆದ್ದಾರಿ ದಾಟಿಸಿ ಇಗರ್ಜಿಗೆ ಒಯ್ದಿದ್ದೆವು. ಮನೆ ರಸ್ತೆಯ ಮೂಡಲಿಗೆ, ಇಗರ್ಜಿಯೂ ಅದರ ಹಿಂದಿನ ಸಮಾಧಿಗಳೂ ಪಡುವಲಿಗೆ. ನಡುವೆ ಆಗಿನ ಸಣ್ಣ ರಸ್ತೆ. ಲಾರಿಗಳು ತಾವಾಗಿಯೇ ನಿಂತಿದ್ದವು. ಒಬ್ಬ ಚಾಲಕ ತಲೆಗೆ ಕಟ್ಟಿದ ಬೈರಾಸು ಬಿಚ್ಚಿದ್ದನ್ನು ನಾನೇ ಕಂಡಿದ್ದೇನೆ. ಆಮೇಲೆ ಪ್ರತಿ ಸಂಜೆ ಪೊರ್ಬುಗಳು ಕೆಟ್ಟ ಮೊಣಕಾಲು ಎಳೆದುಕೊಂಡು ರಸ್ತೆ ದಾಟಿ, ಸಮಾಧಿಯ ಮೇಲೊಂದು ಮೊಂಬತ್ತಿ ಹಚ್ಚಿ ಬರುತ್ತಿದ್ದರು. "ಇಲ್ಲದಿದ್ದರೆ ಅವಳು ಊಟಕ್ಕೆ ಕಾಯ್ತಾಳೆ."

ಹೆದ್ದಾರಿ ಅಗಲವಾಗತೊಡಗಿತು. ದೇಶದ ಅಭಿವೃದ್ಧಿಗೆ ನಾವು ಎಂದೂ ಅಡ್ಡ ಬಂದವರಲ್ಲ. ಅಭಿವೃದ್ಧಿಯೇ ನಮಗೆ ಅಡ್ಡ ಬಂತು. ಎರಡೂ ಬದಿಗೆ ಆಳೆತ್ತರದ ಸಿಮೆಂಟಿನ ಗೋಡೆ, ನಡುವೆ ಇನ್ನೊಂದು. ಶಾಲೆ, ಇಗರ್ಜಿ, ಮಸೀದಿ, ಆಸ್ಪತ್ರೆ ಆಚೆ, ಮನುಷ್ಯರು ಈಚೆ. ಆಚೆಗೆ ಹೋಗಬೇಕಾದರೆ ಮುಂದಿನ ಊರಿನ ತನಕ ಹೋಗಿ ವಾಹನ ತಿರುಗಿಸಿ ಬರಬೇಕು. ಒಂದು ಅಂಡರ್‌ಪಾಸ್ ಕೊಡಿ ಎಂದು ಕೇಳಿದೆವು. ನಕ್ಷೆಯಲ್ಲಿ ಇಲ್ಲ ಎಂದರು. ಇಗರ್ಜಿಯೆದುರು ಒಂದು ಸಂದು ಮಾತ್ರ ಮುಚ್ಚದೆ ಉಳಿದಿತ್ತು. ಅದರ ಬಾಯಲ್ಲಿ ಚಪ್ಪರ ಹಾಕಿ ನಾವು ಸಮರಕ್ಕೆ ಕೂತೆವು; ನಮ್ಮ ಕೇರಳದಲ್ಲಿ ಧರಣಿಗೆ ಅದೇ ಹೆಸರು.

ಸರ್ವಾನುಮತದಿಂದ ಪೊರ್ಬುಗಳೇ ನಮ್ಮ ಸೇನಾಪತಿ. ಕೇರಳದ ಸಮರದ ಶಾಸ್ತ್ರವನ್ನು ಅವರು ಮೊದಲೇ ಬೋಧಿಸಿದ್ದರು: ಇಲ್ಲಿ ಬೇಲಿ ತಳ್ಳಬೇಕು, ಪೊಲೀಸರು ಹಿಂದೆ ತಳ್ಳಬೇಕು, ಫೋಟೊ ಆಗಬೇಕು, ಕೊನೆಗೆ ನಾಯಕನನ್ನು ಎತ್ತಿ ಬಸ್ಸಿಗೆ ಹಾಕಿ ಠಾಣೆಯಲ್ಲಿ ಚಹಾ ಕೊಟ್ಟು ಬಿಡಬೇಕು. "ಗಡಿಯ ಆಚೆ ಈಚೆ ಕಾನೂನು ಒಂದೇ ಮಾಷ್ಟ್ರೇ, ಲಾಠಿಯ ಸಂಪ್ರದಾಯ ಬೇರೆ." ಮುಂದಿನ ಸಾಲಿನಲ್ಲಿ ಹೆಂಗಸರನ್ನು ಕೂರಿಸಿ ತರಬೇತಿ ಕೊಟ್ಟರು.

"ಎಂತ ಆದ್ರೂ ಓಡ್ಬೇಡಿ. ಎಲ್ಲ ದೇಶದಲ್ಲೂ ಪೆಟ್ಟು ಬೀಳುದು ಓಡುವವನಿಗೆ. ಕೂತವರನ್ನು ಎತ್ಬೇಕು. ಒಬ್ಬರನ್ನು ಎತ್ಲಿಕ್ಕೆ ನಾಲ್ಕು ಪೊಲೀಸರು ಬೇಕು. ಸರಕಾರದ ಹತ್ರ ಅಷ್ಟು ಜನ ಇಲ್ಲ."

ಮೀನು ಮಾರುವ ಆಯಿಷುಮ್ಮ ಎದುರಿಗೇ ಕೂತಿದ್ದರು. "ನನಗೆ ನಾಲ್ಕು ಸಾಕಾಗ್ಲಿಕ್ಕಿಲ್ಲ ಪೊರ್ಬುಗಳೇ."

"ಅದಕ್ಕೇ ನಿಮ್ಮನ್ನು ಮುಂದೆ ಕೂರಿಸಿದ್ದು."

ಸಂದು ಮುಚ್ಚಲು ಯಂತ್ರ ಬಂದ ದಿನ ಪೊಲೀಸರೂ ಬಂದರು. ಪೊರ್ಬುಗಳು ಕಪಾಟಿನಿಂದ ಹಳದಿ ಜಾಕೆಟ್ ತೆಗೆದು ತೊಟ್ಟು, ನುಸಿಗುಳಿಗೆಯ ಪರಿಮಳ ಬೀರುತ್ತ ಎರಡು ಪಕ್ಷಗಳ ನಡುವೆ ಹೋಗಿ ನಿಂತರು. ಇನ್ಸ್‌ಪೆಕ್ಟರು ಒಳ್ಳೆಯ ಮನುಷ್ಯ. ಮಧ್ಯಾಹ್ನಕ್ಕೆ ಮೇಲಧಿಕಾರಿಗಳು ಮಾತಿಗೆ ಬರುತ್ತಾರೆ, ಅಂಡರ್‌ಪಾಸಿನ ವಿಷಯ ಪುನಃ ನೋಡುತ್ತಾರೆ, ಅಷ್ಟರ ತನಕ ಒಂದು ಕಲ್ಲೂ ಅಲ್ಲಾಡಬಾರದು ಎಂದು ಮಲಯಾಳದಲ್ಲಿ ಹೇಳಿದರು. ಪೊರ್ಬುಗಳು ನಮ್ಮ ಕಡೆ ಬಂದು ಅದನ್ನೇ ಕನ್ನಡದಲ್ಲೂ ತುಳುವಿನಲ್ಲೂ ಹೇಳಿದರು. ಪುನಃ ಆಚೆ ಹೋದರು. ಆ ಬೆಳಿಗ್ಗೆ ಅವರ ಮೊಣಕಾಲಿಗೆ ನೋವಿದ್ದಂತೆ ಕಾಣಲಿಲ್ಲ. ನನ್ನ ಪಕ್ಕದಲ್ಲಿ ಹಾದುಹೋಗುವಾಗ ಮೆಲ್ಲ ಹೇಳಿದರು, "ಕಾಲು ನೋಡಿದಿರಾ ಮಾಷ್ಟ್ರೇ? ಎಲ್ಲರದ್ದೂ ಸಮ ಉಂಟು. ಇವತ್ತು ಆಗ್ತದೆ."

ಹನ್ನೆರಡಾಗುವ ಮೊದಲು ಯಂತ್ರದ ಚಾಲಕ ಸುಮ್ಮನೆ ಎಂಜಿನ್ ಚಾಲೂ ಮಾಡಿದ. ಅದನ್ನು ನಿಲ್ಲಿಸೆಂದು ಪೊರ್ಬುಗಳು ಯಂತ್ರದ ಮುಂದೆ ನಿಂತು ಕೈ ಎತ್ತಿದರು. ಅದೇ ಗಳಿಗೆಗೆ ನಮಗೆ ಬೆಂಬಲ ಕೊಡಲು ಪೈವಳಿಕೆ ಕಡೆಯಿಂದ ಎರಡು ಜೀಪು ಜನ ಬಂದು ಹಿಂದಿನ ಗದ್ದೆಯಲ್ಲಿ ಇಳಿದರು. ಅವರಿಗೆ ಪೊರ್ಬುಗಳ ಪರಿಚಯ ಇರಲಿಲ್ಲ. ಅವರಿಗೆ ಕಂಡದ್ದು ಇಷ್ಟು: ಗುರುಗುಟ್ಟುವ ಯಂತ್ರ, ಅದರ ಸುತ್ತ ಮಿನುಗುವ ಹಳದಿ ಜಾಕೆಟ್ ತೊಟ್ಟ ರಸ್ತೆ ಕೆಲಸದವರು, ಎಲ್ಲರಿಗಿಂತ ಮುಂದೆ ಅದೇ ಬಣ್ಣದ ಜಾಕೆಟಿನಲ್ಲಿ ಕೈ ಎತ್ತಿ ಯಂತ್ರವನ್ನು ಕರೆಯುತ್ತಿರುವ ಒಬ್ಬ ಮೇಸ್ತ್ರಿ.

"ಕಂಪೆನಿಯವ, ಅಗೋ" ಎಂದು ಯಾರೋ ಹೇಳಿದ್ದು ಕೇಳಿಸಿತು. ನಾವು ಬಾಯಿ ತೆರೆಯುವಷ್ಟರಲ್ಲಿ ಕಲ್ಲು ನಮ್ಮ ತಲೆಗಳ ಮೇಲಿನಿಂದ ಹಾರಿ ಪೊರ್ಬುಗಳ ಕಿವಿಯ ಮೇಲೆ ಬಿತ್ತು.

ದೂರದಲ್ಲಿ ನಿಂತ ಪೊಲೀಸರಿಗೂ ಕಂಡದ್ದು ಸ್ಪಷ್ಟವೇ: ಸಮರದವರು ಪಾಪದ ಕೂಲಿಯೊಬ್ಬನ ತಲೆ ಒಡೆದರು. ಎಡಗಾಲುಗಳು ಮುಂದೆ ಬಂದವು. ನಾನು ನೋಡಿದೆ. ನೋಡಿ ಮಾಡುವುದೇನಿತ್ತು. ಪೊರ್ಬುಗಳು ಕಲಿಸಿಕೊಟ್ಟಂತೆ ನಾವು ಕೂತೇ ಇದ್ದೆವು. ಕಲ್ಲೆಸೆದವರು ಗದ್ದೆ ಹಾಯ್ದು ಓಡಿದರು, ಅವರ ಬೆನ್ನಟ್ಟಲು ಪೊಲೀಸರಿಗೆ ನಮ್ಮ ಮೇಲಿನಿಂದಲೇ ದಾರಿ. ಓಡಿದವರು ಪಾರಾದರು, ಕೂತವರಿಗೆ ಬಿತ್ತು. ಆಯಿಷುಮ್ಮನ ಮಣಿಕಟ್ಟು ಮುರಿಯಿತು. ಅವರನ್ನು ಎತ್ತಲು ಪೊಲೀಸರು ಯಾರೂ ಬರಲಿಲ್ಲ, ನಾವೇ ಎತ್ತಿದೆವು.

ಮೇಲಧಿಕಾರಿಗಳು ಅರ್ಧ ದಾರಿಯಿಂದ ಹಿಂದೆ ಹೋದರು. ಸಂಜೆಯೊಳಗೆ ಸಂದು ಮುಚ್ಚಿತು. ಪೊಲೀಸರು ಎರಡು ಕೇಸು ದಾಖಲಿಸಿದರು. ಕಲ್ಲೆಸೆತದ ಕೇಸಿನಲ್ಲಿ ಪೊರ್ಬುಗಳು ಗಾಯಾಳು, ಅಕ್ರಮ ಕೂಟದ ಕೇಸಿನಲ್ಲಿ ಒಂದನೆಯ ಆರೋಪಿ. ಒಂದೇ ತಲೆಗೆ ಇಷ್ಟು ಗೌರವ ಸಿಗುವುದು ಅಪರೂಪ.

ಮಂಗಳೂರಿನ ಆಸ್ಪತ್ರೆಯಲ್ಲಿ ನೋಡಲು ಹೋದಾಗ ಅವರು ಗೋಡೆಯ ಕಡೆ ತಿರುಗಿ ಮಲಗಿದ್ದರು.

"ಹೊಡೆದವನ ಗುರಿ ಒಳ್ಳೇದುಂಟು ಮಾಷ್ಟ್ರೇ."

"ಅವರಿಗೆ ಗೊತ್ತಿರಲಿಲ್ಲ ಪೊರ್ಬುಗಳೇ."

"ಗೊತ್ತಿರ್ಲಿಕ್ಕೆ ಉಂಟಾ?" ತಲೆಯ ಪಟ್ಟಿಯನ್ನು ಬೆರಳಿನಿಂದ ಮುಟ್ಟಿ ನೋಡಿದರು. "ಆ ಸ್ವೀಡನ್ನಿನವನನ್ನು ನಾನು ಒಂದು ಕೇಳ್ಲಿಲ್ಲ. ಅವನ ಊರಲ್ಲಿ ರಸ್ತೆ ಮಾಡುವವರು ಎಂತ ಬಣ್ಣದ್ದು ಹಾಕ್ತಾರೆ ಅಂತ."

ಮನೆಗೆ ಬಂದ ಮೇಲೆ ಟೀವಿ ನೋಡುವುದನ್ನು ಬಿಟ್ಟರು. ಆಟೋದಲ್ಲಿ ಸುತ್ತಿ ಸಮಾಧಿಗೆ ಹೋಗಿ ಬರೋಣವೆಂದು ನಾನು ಕರೆದರೆ ಆ ಕುಲುಕಾಟಕ್ಕೆ ತಲೆ ತಿರುಗುತ್ತದೆ ಎಂದರು. ಒಂದು ಸಲ ಹೋದದ್ದಕ್ಕೆ ಮೂರು ದಿನ ಏಳಲಿಲ್ಲ. ಆಮೇಲೆ ಪ್ರತಿ ಸಂಜೆ ಗೋಡೆಯ ಈಚೆ ಬುಡದಲ್ಲಿ ಮೊಂಬತ್ತಿ ಹಚ್ಚತೊಡಗಿದರು. ಗೋಡೆಯ ಆಚೆ ಲಾರಿ ಹಾದಾಗ ಮೇಲಿನಿಂದ ಬಂದ ಗಾಳಿಗೆ ಅದು ಆರುತ್ತಿತ್ತು. ಪುನಃ ಹಚ್ಚುತ್ತಿದ್ದರು. ಒಂದು ಸಂಜೆ ನಾನು ಗಾಳಿಗೆ ಅಡ್ಡವಾಗಿ ಕೊಡೆ ಹಿಡಿದೆ. ಅವರು ಕಡ್ಡಿ ಗೀರುತ್ತಲೇ ಕೇಳಿದರು, "ನನ್ನನ್ನು ಆಚೆ ಮುಟ್ಟಿಸ್ತೀರಲ್ಲ?"

"ಎಂತ ಮಾತು ಪೊರ್ಬುಗಳೇ."

"ಮಾತು ಸಾಕು. ಮಾತಾಡ್ಲಿಕ್ಕೆ ಹೋಗಿ ಆದದ್ದು ಗೊತ್ತುಂಟಲ್ಲ." ಮರುದಿನ ಜಾಕೆಟನ್ನು ಒಗೆದು ನನ್ನ ಮನೆಗೆ ಕಳಿಸಿದರು. ಕಿವಿಯಿಂದ ಇಳಿದ ರಕ್ತದ ಕಲೆ ಹೋಗಿರಲಿಲ್ಲ.

ಅವರು ತೀರಿಕೊಂಡದ್ದು ಆಟಿ ತಿಂಗಳ ಮಳೆಯಲ್ಲಿ. ಹೆಗಲ ಮೇಲೆ ಹೊರಲು ಜನ ಇದ್ದರು, ಬ್ಯಾಂಡಿನವರಿದ್ದರು, ದಾರಿ ಇರಲಿಲ್ಲ. ಬ್ಯಾಂಡಿನವರನ್ನು ಬಸ್ಸಿನಲ್ಲಿ ಮೊದಲೇ ಇಗರ್ಜಿಗೆ ಕಳಿಸಿ, ಪೆಟ್ಟಿಗೆಯನ್ನು ವ್ಯಾನಿಗೆ ಹಾಕಿದೆವು. ಜಾಕೆಟನ್ನೂ ಪೆಟ್ಟಿಗೆಯಲ್ಲಿಡೋಣವೆಂದು ನಾನು ತಂದಿದ್ದೆ. ಕರಿ ಸೂಟಿನ ಮೇಲೆ ಅದು ಚಂದವಲ್ಲವೆಂದು ನೆಂಟರು ಬೇಡವೆಂದರು. ಅದು ನನ್ನ ಚೀಲದಲ್ಲೇ ಉಳಿಯಿತು.

ಮುಂದಿನ ಊರಿನ ಹತ್ತಿರ ವಾಹನ ತಿರುಗಿಸಲು ನಡುಗೋಡೆಯಲ್ಲೊಂದು ಸಂದು ಬಿಟ್ಟಿದ್ದಾರೆ. ಅಲ್ಲಿ ವ್ಯಾನು ನಿಂತಿತು. ಎದುರಿನಿಂದ ಲಾರಿ, ಅದರ ಹಿಂದೆ ಲಾರಿ. "ಯಾರೂ ಬಿಡುದಿಲ್ಲ ಮಾಷ್ಟ್ರೇ" ಎಂದ ಚಾಲಕ. ಇಗರ್ಜಿಯಿಂದ ಪಾದ್ರಿಗಳ ಫೋನು ಎರಡು ಸಲ ಬಂತು. ಹೊತ್ತು ಇಳಿಯುತ್ತಿತ್ತು.

ನಾನು ಇಳಿದೆ. ಚೀಲದಿಂದ ಜಾಕೆಟ್ ತೆಗೆದು ಅಂಗಿಯ ಮೇಲೆ ತೊಟ್ಟೆ. ಲಾರಿಗೆ ಕಾಲಿಲ್ಲ, ಯಾವುದನ್ನು ನೋಡಬೇಕೆಂದು ಪೊರ್ಬುಗಳು ಕಲಿಸಿಕೊಟ್ಟಿರಲಿಲ್ಲ. ರಸ್ತೆಯ ನಡುವೆ ಹೋಗಿ ಕೈ ಎತ್ತಿದೆ. ಮೊದಲ ಲಾರಿ ನಿಂತಿತು, ಅದರ ಹಿಂದಿನದು, ಅದರ ಹಿಂದಿನದು. ಚಾಲಕ ಕಿಟಕಿಯಿಂದ ತಲೆ ಹೊರಹಾಕಿ, "ನಿಮ್ಮ ಈ ರಸ್ತೆ ಕೆಲಸ ಯಾವಾಗ ಮುಗಿಯುತ್ತದೆ?" ಎಂದು ಮಲಯಾಳದಲ್ಲಿ ಬೈದ. ವ್ಯಾನು ನನ್ನ ಬೆನ್ನ ಹಿಂದಿನಿಂದ ತಿರುಗಿ ಆಚೆಯ ದಾರಿ ಹಿಡಿದು ಹೋಯಿತು. ನನಗಾಗಿ ಕಾಯಬೇಡವೆಂದು ನಾನೇ ಕೈಬೀಸಿದ್ದೆ.

ಲಾರಿಗಳು ಹೊರಟವು. ನಾನು ನಡುಗೋಡೆಗೆ ಒರಗಿ, ದಾಟಲು ಪುನಃ ಕೈ ಎತ್ತಿದೆ. ಈ ಸಲ ಯಾರೂ ನಿಲ್ಲಿಸಲಿಲ್ಲ. ಇಗರ್ಜಿಯ ಗಂಟೆ ಮಳೆಯಲ್ಲಿ ದೂರದಿಂದ ಕೇಳಿಸಿದಾಗ ನಾನು ಅಲ್ಲೇ, ಹಳದಿ ಜಾಕೆಟಿನಲ್ಲಿ, ಎರಡು ಬದಿಯ ಲಾರಿಗಳ ನಡುವೆ ನಿಂತಿದ್ದೆ.