ಏಳನೆಯ ಮನೆಯ ಬಾಗಿಲು

ಅರವತ್ತರ ದಶಕದಲ್ಲಿ ನಾನು ಗ್ರಾಮಸೇವಕನಾಗಿ ಹೊಸನಗರ ತಾಲೂಕಿಗೆ ಬಂದಾಗ ನನ್ನ ಬಳಿ ಇದ್ದದ್ದು ಒಂದು ಸೈಕಲ್ಲು ಮತ್ತು ಎಲ್ಲ ಬಲ್ಲೆನೆಂಬ ಜಂಬ. ಹುಂಚದ ಬಸ್ಸು ಹೋಗುವ ದಾರಿಯ ಗುಡ್ಡವೊಂದರಲ್ಲಿ ಕೂಲಿಕಾರರಿಗೆಂದು ಏಳು ಮನೆ ಮಂಜೂರಾಗಿತ್ತು. ಹುಲ್ಲೂ ಸರಿಯಾಗಿ ಹುಟ್ಟದ ಜಾಗ. ಹಾಗಾಗಿ ಬಿಟ್ಟುಕೊಡಲು ಊರಿನ ಯಾರಿಗೂ ಹೊಟ್ಟೆ ಉರಿಯಲಿಲ್ಲ. ಹೆಂಚು, ಮರ, ಬಾಗಿಲು ಸರ್ಕಾರದ್ದು. ಮಣ್ಣಿನ ಗೋಡೆ ಮಾತ್ರ ಅವರೇ ಎಬ್ಬಿಸಿಕೊಳ್ಳಬೇಕು, ಅದೂ ಮಾರ್ಚ್ ಮುಗಿಯುವುದರೊಳಗೆ.

ಅವರು ಮುಯ್ಯಾಳು ಲೆಕ್ಕದಲ್ಲಿ ಕೆಲಸ ಶುರುಮಾಡಿದರು. ಇವತ್ತು ನಾವೆಲ್ಲ ನಿನ್ನ ಗೋಡೆಗೆ, ಆಮೇಲೆ ನೀನು ನಮ್ಮ ಗೋಡೆಗೆ. ಏಳು ಮನೆಯವರಲ್ಲಿ ಒಬ್ಬಳು ವಿಧವೆ. ತಾನು ಕೂಲಿ ಮಾಡುವ ಒಡೆಯರ ಕೊಟ್ಟಿಗೆಯ ಪಕ್ಕದ ಬಿಡಾರದಲ್ಲಿ, ಬಾಗಿಲ ಜಾಗಕ್ಕೆ ಗೋಣಿ ಕಟ್ಟಿಕೊಂಡು, ಮೈನೆರೆದ ಮಗಳನ್ನಿಟ್ಟುಕೊಂಡು ಇದ್ದಳು. ರಾತ್ರಿ ಗೋಣಿ ಅಲ್ಲಾಡಿದರೆ ಕತ್ತಿ ಹಿಡಿದು ಎದ್ದು ಕೂರುತ್ತೇನೆ ಎಂದು ಹೇಳಿದ್ದಳು. ಗೋಣಿ ಅಲ್ಲಾಡಿಸುವವರು ಯಾರೆಂದು ಅವಳೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಆ ಒಡೆಯರ ಜಗಲಿಯಲ್ಲೇ ನಾನು ಊಟ ಮಾಡುತ್ತಿದ್ದೆ.

ಸರದಿ ಗೊತ್ತುಮಾಡುವಾಗ ತನ್ನದು ಕೊನೆಗಿರಲಿ ಎಂದು ಅವಳೇ ಹೇಳಿದಳು. ಮೊದಲು ಎಲ್ಲರಿಗೂ ದುಡಿದುಕೊಟ್ಟರೆ, ಗಂಡು ದಿಕ್ಕಿಲ್ಲದವಳಿಗೆ ಧರ್ಮಕ್ಕೆ ಕಟ್ಟಿಕೊಟ್ಟೆವು ಎಂದು ನಾಳೆ ಯಾರೂ ಆಡಿಕೊಳ್ಳುವ ಹಾಗಿಲ್ಲ ಎಂಬುದು ಅವಳ ಲೆಕ್ಕ. ನಾನು ಎಲ್ಲರೆದುರು ಅವಳನ್ನು ಹೊಗಳಿದೆ. ಮಾರ್ಚ್ ದಾಟಿದರೆ ಏನಾಗುತ್ತದೆಂದು ಒಬ್ಬ ಮುದುಕ ಕೇಳಿದ್ದಕ್ಕೆ, ಆಫೀಸಿನಲ್ಲಿ ಸ್ವಲ್ಪ ಆಚೀಚೆ ಮಾಡುತ್ತಾರೆ, ನಾನಿದ್ದೇನಲ್ಲ ಎಂದೆ. ಆ ಮಾತು ನೆನಪಾದರೆ ಇವತ್ತಿಗೂ ನನ್ನ ಮೇಲೆ ನನಗೇ ಅಸಹ್ಯವಾಗುತ್ತದೆ.

ಮಣ್ಣಿನ ಗೋಡೆಗೆ ಅವಸರ ನಡೆಯುವುದಿಲ್ಲ. ಒಂದು ವರಸೆ ಒಣಗಿದ ಮೇಲೇ ಅದರ ಮೇಲೆ ಇನ್ನೊಂದು. ತಾಯಿ ಮಗಳು ಆರು ಮನೆಗೂ ಮಣ್ಣು ತುಳಿದರು, ನೀರು ಹೊತ್ತರು. ಅವಳ ಸರದಿ ಬಂದಾಗ ಮಾರ್ಚ್ ಮುಗಿಯುತ್ತ ಬಂದಿತ್ತು. ಆರು ಮನೆಯವರೂ ಬಂದರು. ಒಬ್ಬರೂ ಮಾತು ತಪ್ಪಲಿಲ್ಲ. ಕೊನೆಯ ದಿನ ತಾಲೂಕು ಆಫೀಸಿನ ಸಾಹೇಬರು ಜೀಪಿನಲ್ಲಿ ಬಂದಾಗ ಅವಳ ಗೋಡೆ ಸೊಂಟದ ಮಟ್ಟಕ್ಕಿತ್ತು, ಮೇಲಿನ ವರಸೆ ಇನ್ನೂ ಹಸಿ. ಸಾಹೇಬರು ಬೆರಳಿನಿಂದ ಒತ್ತಿ ನೋಡಿ, ಬೆರಳು ಒರೆಸಿಕೊಂಡು, ಮಂಜೂರಾದವರ ಪಟ್ಟಿಯಿಂದ ಅವಳ ಹೆಸರು ಹೊಡೆದುಹಾಕಿದರು. ಇನ್ನು ಎಂಟೇ ದಿನ ಸಾಕೆಂದು ನಾನು ಗೋಗರೆದೆ. ಮಾರ್ಚ್ ದಾಟಿದರೆ ಸಾಮಾನು ವಾಪಸ್ಸು, ಈ ನಿಯಮ ನಿಮಗೆ ಗೊತ್ತಿರಲಿಲ್ಲವೇ ಎಂದರು. ಗೊತ್ತಿತ್ತು.

ವಾರ ಕಳೆದು ಅವಳ ಪಾಲಿನ ಸಾಮಾನನ್ನು ಒಯ್ಯಲು ತೀರ್ಥಹಳ್ಳಿ ಕಡೆಯಿಂದ ಲಾರಿ ಬಂತು. ಹೆಂಚು ಕೈಯಿಂದ ಕೈಗೆ ದಾಟಿಸಲು ಜನ ಬೇಕಾಗಿತ್ತು. ಆರು ಮನೆಯವರು ಯಾರೂ ಹೊರಗೆ ಬರಲಿಲ್ಲ. ಅವಳೇ ಮಗಳನ್ನು ಕರೆದುಕೊಂಡು ಬಂದು ಲಾರಿಯವರ ಸಾಲಿನಲ್ಲಿ ನಿಂತಳು. ಒಂದು ಹೆಂಚೂ ಒಡೆಯದಂತೆ ದಾಟಿಸಿದಳು. ಕೊನೆಗೆ ಬಾಗಿಲನ್ನು ಎತ್ತುವಾಗ ನನ್ನ ಹತ್ತಿರ ಬಂದಳು.

"ಹೆಂಚು ತಗಂಡ್ ಹೋಗಿ ಅಯ್ಯಾ. ಬಾಗ್ಲೊಂದು ಬಿಟ್ಟೋಗಿ. ಬಿಡಾರಕ್ಕೆ ಕಟ್ಕೊಳ್ತೀನಿ."

ವಾಪಸ್ಸು ಕಳಿಸಬೇಕಾದ ಸಾಮಾನಿನ ಪಟ್ಟಿಯಲ್ಲಿ ಹೆಂಚಿನ ಕೆಳಗೆ ಬಾಗಿಲೂ ಇತ್ತು. ನಾನು ಅವಳ ಮುಖ ನೋಡದೆ, ಬಾಗಿಲನ್ನೂ ಲಾರಿಗೆ ಹಾಕಿಸಿ, ಎಲ್ಲ ಒಪ್ಪಿಸಿದ್ದೇನೆ ಎಂದು ರುಜು ಹಾಕಿ ಚೀಟಿಯನ್ನು ಡ್ರೈವರನ ಕೈಗೆ ಕೊಟ್ಟೆ.