ಕಣ್ಣಿನ ಮಿಂಚು ಕಾಯುವ ಧೂಳಕ್ಕ

ಹಲ್ಲಿನ ಡಾಕ್ಟರು ಹೇಳಿದ ಲೆಕ್ಕ ಎಂಬತ್ತೈದು ಸಾವಿರ. ಫೋಟೋ ಫಿಲ್ಮಿನ ಹಳೆಯ ಸ್ಕ್ಯಾನರ್ ಮಾರುವವರು ಹೇಳಿದ್ದು ಎಂಬತ್ತೆಂಟು ಸಾವಿರ, ಅದನ್ನು ಓಡಿಸಲು ಬೇಕಾದ ಅಷ್ಟೇ ಹಳೆಯ ಕಂಪ್ಯೂಟರಿಗೆ ಮತ್ತೆ ಮೂರು ಸಾವಿರ. ಧೂಳಕ್ಕನ ಕೈಯಲ್ಲಿ ಇದ್ದದ್ದು ತೊಂಬತ್ತೊಂದು ಸಾವಿರ, ಆರು ವರ್ಷ ಕೂಡಿಟ್ಟದ್ದು. ಬಲಗಡೆಯ ಮೂರು ದವಡೆ ಹಲ್ಲು ಕಳೆದುಕೊಂಡಿರುವ ಅವರು ಎರಡು ತಿಂಗಳ ಹಿಂದೆ ಆ ದುಡ್ಡನ್ನೆಲ್ಲ ಸ್ಕ್ಯಾನರಿಗೆ ಸುರಿದು ಬಂದರು. "ಎಡಗಡೆ ಇದೆಯಲ್ಲ, ಅಗಿಯೋಕೆ ಒಂದು ಕಡೆ ಸಾಕು" ಎನ್ನುತ್ತಾರೆ, ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತ.

ಬೆಳಗಿನ ಐದು ಗಂಟೆ. ಬೀದಿಗೆ ಹಾಲಿನ ಗಾಡಿ ಇನ್ನೂ ಬಂದಿಲ್ಲ. ಮನೆಯ ಹಿಂಬದಿಯಲ್ಲಿ ಎಂಟಡಿಗೆ ಹತ್ತಡಿಯ ಒಂದು ಕೋಣೆ. ನಿನ್ನೆ ಸಂಜೆಯೇ ಒದ್ದೆ ಬಟ್ಟೆಯಲ್ಲಿ ನೆಲ ಒರೆಸಿ ಬಾಗಿಲು ಹಾಕಿದ್ದಾರೆ. ಅಲ್ಲಿಂದ ಇಲ್ಲಿಯವರೆಗೆ ಯಾರೂ ಒಳಗೆ ಕಾಲಿಟ್ಟಿಲ್ಲ. ಗಾಳಿಯಲ್ಲಿದ್ದ ಧೂಳೆಲ್ಲ ನೆಲಕ್ಕೆ ಕೂತಿರುವ ಹೊತ್ತು ಇದು. ಧೂಳಕ್ಕ ತಲೆಗೆ ಬಟ್ಟೆ ಬಿಗಿದು, ನೂಲು ಉದುರದ ನುಣುಪು ಬಟ್ಟೆಯ ಉದ್ದ ಅಂಗಿ ತೊಟ್ಟು, ಕಳ್ಳರ ಹಾಗೆ ಹೆಜ್ಜೆ ಹಾಕುತ್ತ ಒಳಗೆ ಬರುತ್ತಾರೆ. ಡಬ್ಬಿಯಿಂದ ನೆಗೆಟಿವ್‌ನ ಒಂದು ಪಟ್ಟಿಯನ್ನು ಅಂಚಿನಲ್ಲಷ್ಟೇ ಹಿಡಿದು ಎತ್ತುತ್ತಾರೆ. ರಬ್ಬರ್ ಉಂಡೆಯನ್ನು ಹಿಚುಕಿ ಮೂರು ಸಲ ಗಾಳಿ ಊದುತ್ತಾರೆ. ದೀಪಕ್ಕೆ ಓರೆಯಾಗಿ ಹಿಡಿದು ನೋಡುತ್ತಾರೆ. ಮೆತ್ತನೆಯ ಬ್ರಷ್ಷಿನಿಂದ ಒಂದೇ ಒಂದು ಸಲ ಸವರುತ್ತಾರೆ. ಪಟ್ಟಿ ಯಂತ್ರದೊಳಗೆ ಹೋಗುತ್ತದೆ, ಯಂತ್ರ ಕಿರ್ರ್ ಎಂದು ಕೆಲಸಕ್ಕೆ ಕೂರುತ್ತದೆ. ಒಂದು ಚಿತ್ರಕ್ಕೆ ನಾಲ್ಕು ನಿಮಿಷ. ಆ ನಾಲ್ಕು ನಿಮಿಷ ಅವರು ಅಲುಗಾಡುವುದಿಲ್ಲ. ನಡೆದಾಡಿದರೆ ಧೂಳು ಏಳುತ್ತದೆ. ಸೆಕೆಗೆ ಬೆವರು ಇಳಿದರೂ ಫ್ಯಾನ್ ಹಾಕುವಂತಿಲ್ಲ.

ಎಂಟು ಗಂಟೆಯವರೆಗೆ ಈ ಮನೆಯಲ್ಲಿ ಯಾರೂ ಕಸ ಗುಡಿಸಬಾರದು. ಅದು ಕಾನೂನು. ಏಳೂವರೆಗೇ ಅವರ ಅತ್ತೆ ಬಾಗಿಲಾಚೆ ಬಂದು ನಿಲ್ಲುತ್ತಾರೆ.

"ಏನೇ, ಪೊರಕೆ ಮುಟ್ಟಲಾ?"

"ಇನ್ನೂ ಏಳು ಚಿತ್ರ ಇದೆ ಅತ್ತೆ."

"ಲೋಕದಲ್ಲಿ ಅತ್ತೆಯರು ಸೊಸೆಗೆ ಬೇಗ ಎದ್ದು ಗುಡಿಸು ಅಂತಾರೆ. ನನ್ನ ಸೊಸೆ ನನಗೆ ಗುಡಿಸಬೇಡ ಅಂತಾಳೆ. ಪತ್ರಿಕೆಯವರೇ, ಇದನ್ನೂ ಪೇಪರಲ್ಲಿ ಹಾಕಿ, ನೋಡಿದವರು ನಗಲಿ!"

ಐವತ್ತೆಂಟರ ಧೂಳಕ್ಕನಿಗೆ ಆ ಹೆಸರು ಬಂದದ್ದು ಸ್ಟುಡಿಯೋದಲ್ಲಿ. ಇಪ್ಪತ್ತಾರು ವರ್ಷ ಒಂದು ಫೋಟೋ ಸ್ಟುಡಿಯೋದ ಡಾರ್ಕ್‌ರೂಮಿನಲ್ಲಿ ಪ್ರಿಂಟ್ ಹಾಕಿದವರು ಅವರು. ಧೂಳು ಕೂತ ಜಾಗದಲ್ಲಿ ಪ್ರಿಂಟಿನ ಮೇಲೆ ಬಿಳಿ ಚುಕ್ಕೆ ಬೀಳುತ್ತದೆ. ಅದನ್ನು ಕೂದಲೆಳೆಯಂಥ ಬ್ರಷ್ಷಿನಿಂದ, ಸುತ್ತಲಿನ ಬಣ್ಣಕ್ಕೆ ಹೊಂದುವ ಹಾಗೆ ತುಂಬಬೇಕು. ಎಷ್ಟು ಮದುಮಕ್ಕಳ ಕೆನ್ನೆಯ ಮೇಲಿನ ಚುಕ್ಕೆ ಅಳಿಸಿದ್ದಾರೋ ಅವರಿಗೇ ನೆನಪಿಲ್ಲ. ಸ್ಟುಡಿಯೋ ಮುಚ್ಚಿದ ಮೇಲೆ ಮನೆಯಲ್ಲೇ ಈ ಕೆಲಸ ಶುರುಮಾಡಿದರು: ಜನರ ಹಳೆಯ ನೆಗೆಟಿವ್, ಸ್ಲೈಡ್‌ಗಳನ್ನು ಸ್ಕ್ಯಾನ್ ಮಾಡಿ ಕಂಪ್ಯೂಟರಿಗೆ ಹಾಕಿಕೊಡುವುದು. ಬೆಳಿಗ್ಗೆ ನಲವತ್ತು ಚಿತ್ರ ಸ್ಕ್ಯಾನ್. ಮಧ್ಯಾಹ್ನದಿಂದ ಸಂಜೆಯವರೆಗೆ ಅವುಗಳಲ್ಲಿ ಉಳಿದ ಧೂಳನ್ನು ಪರದೆಯ ಮೇಲೆ ಚುಕ್ಕೆ ಚುಕ್ಕೆಯಾಗಿ ತೆಗೆಯುವುದು. ಒಂದು ಚಿತ್ರಕ್ಕೆ ಐದು ನಿಮಿಷವೂ ಆದೀತು, ಅರ್ಧ ಗಂಟೆಯೂ ಆದೀತು. ಸೊಂಟ ಹಿಡಿದುಕೊಳ್ಳುತ್ತದೆ, ಕಣ್ಣು ಉರಿಯುತ್ತದೆ. ಕೇಳಿದರೆ, "ಡಾರ್ಕ್‌ರೂಮಲ್ಲಿ ಮೂಗು ಉರೀತಿತ್ತು, ಈಗ ಕಣ್ಣು. ಪ್ರಮೋಷನ್ ಸಿಕ್ಕಿದೆ" ಎನ್ನುತ್ತಾರೆ.

ಹಲ್ಲಿನ ದುಡ್ಡು ಸ್ಕ್ಯಾನರಿಗೆ ಹೋದದ್ದರ ಹಿಂದೆ ಒಂದು ತಪ್ಪು ಇದೆ. ಅದನ್ನು ಅವರು ಮುಚ್ಚಿಡುವುದಿಲ್ಲ.

ಕಳೆದ ವರ್ಷ ಅವರ ಹಳೆಯ ಸ್ಕ್ಯಾನರಿನ ದೀಪ ಕೈಕೊಟ್ಟಿತು. ಕೆಲಸ ನಿಲ್ಲಬಾರದೆಂದು ಬೇರೆಯವರಿಂದ ಒಂದು ಯಂತ್ರವನ್ನು ಹದಿನೈದು ದಿನಕ್ಕೆ ಬಾಡಿಗೆಗೆ ತಂದರು. ಅದರಲ್ಲಿ ಧೂಳನ್ನು ತಾನಾಗಿಯೇ ಅಳಿಸುವ ಏರ್ಪಾಡು ಇತ್ತು. ಬಣ್ಣದ ಫಿಲ್ಮಿನಲ್ಲಿ ಪರೀಕ್ಷೆ ಮಾಡಿದರು, ಕೆಲಸ ಕನ್ನಡಿಯ ಹಾಗಿತ್ತು. "ಜೀವಮಾನ ಪೂರ್ತಿ ಧೂಳಿನ ಜೊತೆ ಗುದ್ದಾಡಿದ್ದೀನಿ. ಗುಂಡಿ ಒತ್ತಿದರೆ ಹೋಗುತ್ತೆ ಅಂದರೆ ಯಾರಿಗೆ ಆಸೆ ಆಗಲ್ಲ ಹೇಳಿ?"

ಆಗ ಬಂದದ್ದು ಬೈಂಡರ್ ಅಜ್ಜನ ಡಬ್ಬಿ. ಪುಸ್ತಕಗಳಿಗೆ ರಟ್ಟು ಕಟ್ಟಿ ಬದುಕಿದ, ಎಂಬತ್ತು ದಾಟಿದ ಮನುಷ್ಯ. ಮದುವೆಯಾದ ಹೊಸದರಲ್ಲಿ ತಾನೇ ತೆಗೆದ ಕಪ್ಪುಬಿಳುಪು ಫೋಟೋಗಳು, ಇಪ್ಪತ್ತನಾಲ್ಕು ಪಟ್ಟಿ, ನೂರ ನಲವತ್ತನಾಲ್ಕು ಚಿತ್ರ. ಹೆಚ್ಚಿನವುಗಳಲ್ಲಿ ಇರುವುದು ಅವರ ಹೆಂಡತಿ. ಆಕೆ ಈಗ ಬದುಕಿಲ್ಲ. ಫಿಲ್ಮ್ ಹಾಳಾಗತೊಡಗಿ ಡಬ್ಬಿ ತೆರೆದರೆ ಹುಳಿ ವಾಸನೆ ಮೂಗಿಗೆ ಹೊಡೆಯುತ್ತಿತ್ತು. ಧೂಳಕ್ಕ ಗುಂಡಿ ಒತ್ತಿದರು. ನಾಲ್ಕು ದಿನದಲ್ಲಿ ಕೆಲಸ ಮುಗಿಸಿ, ಚಿತ್ರಗಳನ್ನೂ ನೆಗೆಟಿವ್ ಡಬ್ಬಿಯನ್ನೂ ಅಜ್ಜನಿಗೆ ಒಪ್ಪಿಸಿದರು.

ತಿಂಗಳ ಮೇಲೆ ಅಜ್ಜ ಬಂದು ಕುರ್ಚಿಯಲ್ಲಿ ಕೂತರು. "ಎಲ್ಲಾ ಚೆನ್ನಾಗಿದೆ ಕಣಮ್ಮಾ. ಒಂದು ಧೂಳಿಲ್ಲ. ಆದರೆ ಇವಳು ನನ್ನ ನೋಡ್ತಾ ಇಲ್ಲ."

ಧೂಳಕ್ಕ ಚಿತ್ರಗಳನ್ನು ಪರದೆಯ ಮೇಲೆ ದೊಡ್ಡದು ಮಾಡಿ ನೋಡಿದರು. ಆ ಹೆಂಗಸಿನ ಕಣ್ಣಿನಲ್ಲಿ ಇರಬೇಕಾದ ಬೆಳಕಿನ ಚುಕ್ಕೆ ಇರಲಿಲ್ಲ. ಒಂದರಲ್ಲೂ ಇರಲಿಲ್ಲ. ಆ ಯಂತ್ರ ಕಣ್ಣಿಗೆ ಕಾಣದ ಒಂದು ಬೆಳಕನ್ನು ಫಿಲ್ಮಿನ ಮೂಲಕ ಹಾಯಿಸುತ್ತದೆ. ಬೆಳಕು ಎಲ್ಲಿ ತಡೆದು ನಿಂತಿತೋ ಅಲ್ಲಿ ಧೂಳಿದೆ ಎಂದು ಲೆಕ್ಕ ಹಾಕುತ್ತದೆ. ಬಣ್ಣದ ಫಿಲ್ಮಿಗೆ ಈ ಲೆಕ್ಕ ಸರಿ. ಆದರೆ ಕಪ್ಪುಬಿಳುಪಿನಲ್ಲಿ ಚಿತ್ರ ಮೂಡಿರುವುದೇ ಬೆಳ್ಳಿಯ ಕಣಗಳಿಂದ, ಅವೂ ಆ ಬೆಳಕನ್ನು ತಡೆಯುತ್ತವೆ. ಚಿತ್ರದಲ್ಲಿ ಅತಿ ಹೊಳೆಯುವ ಜಾಗದಲ್ಲೇ ನೆಗೆಟಿವ್‌ನ ಬೆಳ್ಳಿ ಅತಿ ದಟ್ಟ. ಹಾಗಾಗಿ ಯಂತ್ರ ಕಣ್ಣಿನ ಮಿಂಚನ್ನು ಧೂಳು ಎಂದುಕೊಂಡು ಒರೆಸಿಹಾಕಿತ್ತು.

"ಅಜ್ಜ, ಡಬ್ಬಿ ತನ್ನಿ. ಮತ್ತೆ ಮಾಡಿಕೊಡ್ತೀನಿ, ದುಡ್ಡು ಬೇಡ" ಎಂದರು ಧೂಳಕ್ಕ.

"ಎಸೆದುಬಿಟ್ಟೆನಲ್ಲಮ್ಮಾ. ವಾಸನೆ ಬರ್ತಿತ್ತು. ಎಲ್ಲಾ ಕಂಪ್ಯೂಟರಲ್ಲಿ ಸೇರ್ಕೊಂಡಿದೆಯಲ್ಲ ಅಂತ."

ಇದನ್ನು ಹೇಳುವಾಗ ಧೂಳಕ್ಕ ಬ್ರಷ್ಷನ್ನು ಕೆಳಗಿಡುತ್ತಾರೆ. "ಬೈದಿದ್ದರೆ ವಾಸಿ ಇತ್ತು. ಅವರು ನನಗೇ ಸಮಾಧಾನ ಹೇಳಿದರು. ಹೋಗಲಿ ಬಿಡು, ನನಗೂ ಕಣ್ಣು ಮಂಜು ಅಂತ. ನನಗೆ ಅವತ್ತು ಅರ್ಥ ಆಯ್ತು. ಜನ ಸ್ಕ್ಯಾನ್ ಆದ ಮೇಲೆ ನೆಗೆಟಿವ್ ಎಸೀತಾರೆ. ನನ್ನ ಮಿಷನ್ ಏನು ಉಳಿಸುತ್ತೋ ಅಷ್ಟೇ ಉಳಿಯೋದು."

ಇನ್ನು ಬಾಡಿಗೆ ಯಂತ್ರದ ಸಹವಾಸ ಸಾಕು, ಸ್ವಂತದ್ದೇ ತರಬೇಕು ಎಂದು ತೀರ್ಮಾನಿಸಿದರು. ಯಾವುದನ್ನು ತರುವುದು? ಅಂಗಡಿಯವರ ಮಾತನ್ನಾಗಲಿ ಪೆಟ್ಟಿಗೆಯ ಮೇಲಿನ ದೊಡ್ಡ ದೊಡ್ಡ ಅಂಕಿಗಳನ್ನಾಗಲಿ ಅವರು ನಂಬಲಿಲ್ಲ. ತಮ್ಮ ತಾಯಿ ನಗುತ್ತಿರುವ ಒಂದು ಕಪ್ಪುಬಿಳುಪು ನೆಗೆಟಿವನ್ನು ಚೀಲದಲ್ಲಿ ಹಾಕಿಕೊಂಡು ಹೊರಟರು. "ಸೀರೆ ಅಂಗಡಿಗೆ ಕರ್ಕೊಂಡು ಹೋಗೋ ಹಾಗೆ ಅಮ್ಮನ್ನ ಕರ್ಕೊಂಡು ಹೋದೆ. ಯಾವುದರಲ್ಲಿ ಅಮ್ಮ ಅಮ್ಮನ ಹಾಗೇ ಕಾಣ್ತಾಳೋ ಅದು."

ಮೊದಲು ನೋಡಿದ್ದು ಹದಿನಾಲ್ಕು ಸಾವಿರದ್ದು, ಅಂಗೈಯಗಲದ್ದು. ಎರಡು ಸೆಕೆಂಡಿಗೆ ಒಂದು ಚಿತ್ರ. "ಫೋನಲ್ಲಿ ನೋಡೋಕೆ ಸಾಕು, ಗೋಡೆಗೆ ಹಾಕೋಕೆ ಸಾಲದು. ಅಮ್ಮನ ಕಪ್ಪು ಕೂದಲೆಲ್ಲ ಒಂದೇ ಮುದ್ದೆ" ಎಂದು ಬಿಟ್ಟರು. ಆಮೇಲೆ ಮೂವತ್ತೆರಡು ಸಾವಿರದ್ದು, ಕಾಗದಗಳನ್ನೂ ಸ್ಕ್ಯಾನ್ ಮಾಡುವ ಚಪ್ಪಟೆ ಯಂತ್ರ. ದೊಡ್ಡ ನೆಗೆಟಿವ್‌ಗಳಿಗೆ ಅದು ಚೆನ್ನಾಗಿಯೇ ಇತ್ತು, ಅಂಗೈಯೊಳಗೆ ಅಡಗುವ ಸಣ್ಣ ಫಿಲ್ಮಿಗೆ ಮಸುಕು. ಮೂರನೆಯ ಅಂಗಡಿಯಲ್ಲಿ ಮಾರುವವನು ಕೇಳದೆಯೇ ಧೂಳಿನ ಗುಂಡಿ ಒತ್ತಿ, "ನೋಡಿ ಮೇಡಂ, ಎಷ್ಟು ಕ್ಲೀನ್!" ಎಂದ.

"ಕ್ಲೀನ್ ಏನೋ ಆಗಿದೆ ಕಣಪ್ಪ. ನಮ್ಮಮ್ಮ ಹೋಗಿದ್ದಾಳೆ" ಎಂದು ಇವರು ನೆಗೆಟಿವ್ ವಾಪಸ್ ತೆಗೆದುಕೊಂಡರು.

ಕೊನೆಗೆ ಸಿಕ್ಕಿದ್ದು ಮುಚ್ಚಿಹೋದ ಒಂದು ಪ್ರೆಸ್ಸಿನ ಮೂಲೆಯಲ್ಲಿ. ಫಿಲ್ಮಿಗೆಂದೇ ಮಾಡಿದ ಯಂತ್ರ, ತಯಾರಕರು ಅದನ್ನು ನಿಲ್ಲಿಸಿ ಬಹಳ ವರ್ಷವಾಗಿದೆ. ಬಿಡಿಭಾಗ ಸಿಗುವುದಿಲ್ಲ, ರಿಪೇರಿ ಮಾಡುವವರಿಲ್ಲ. ಆದರೆ ಅದರಲ್ಲಿ ಅಮ್ಮನ ಒಂದೊಂದು ಕೂದಲೂ ಬೇರೆ ಬೇರೆ ಕಂಡಿತು, ಕಣ್ಣಿನಲ್ಲಿ ಮಿಂಚು ಇದ್ದಲ್ಲೇ ಇತ್ತು. ಧೂಳೂ ಇದ್ದಲ್ಲೇ ಇತ್ತು. "ಧೂಳು ತೆಗೆಯೋಕೆ ನಾನಿದ್ದೀನಲ್ಲ."

ಕೆಟ್ಟರೆ ಏನು ಗತಿ? ಅದಕ್ಕೆ ಉತ್ತರ ಅವರ ಯಜಮಾನರು. ಅವರು ಕೈಗಡಿಯಾರ ರಿಪೇರಿ ಮಾಡುವವರು, ಮಾತು ಕಡಿಮೆ. ಪ್ರೆಸ್ಸಿಗೆ ಬಂದು ಯಂತ್ರದ ಮುಚ್ಚಳ ತೆಗೆದು, ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಒಂದು ಗಂಟೆ ಒಳಗೆ ನೋಡಿದರು. "ಬೆಲ್ಟು ಸವೆದಿದೆ, ಬೇರೆ ಯಾವುದನ್ನಾದರೂ ಹೊಂದಿಸಿ ಹಾಕಿಕೊಡ್ತೀನಿ. ಮಿಕ್ಕಿದ್ದು ಗಟ್ಟಿ. ನಿನ್ನ ಹಲ್ಲಿಗಿಂತ ಗಟ್ಟಿ" ಎಂದರು. ಮೂವತ್ತೊಂದು ವರ್ಷದ ಸಂಸಾರದಲ್ಲಿ ಅವರು ಮಾಡಿದ ಎರಡನೆಯ ತಮಾಷೆ ಅದು ಎಂದು ಧೂಳಕ್ಕ ಲೆಕ್ಕ ಇಟ್ಟಿದ್ದಾರೆ. ಮೊದಲನೆಯದನ್ನು ಹೇಳಲು ಒಪ್ಪಲಿಲ್ಲ.

ಯಂತ್ರ ಮನೆಗೆ ಬಂದ ಮೂರನೆಯ ವಾರ ಬೈಂಡರ್ ಅಜ್ಜ ಮತ್ತೆ ಬಂದರು. ಹೆಗಲಿನ ಚೀಲದಲ್ಲಿ ಐದು ದಪ್ಪ ಪುಸ್ತಕ. "ಡಬ್ಬಿ ಎಸೆದುಬಿಟ್ಟೆ ಅಂದಿದ್ದೆನಲ್ಲ, ಮರೆತೇ ಹೋಗಿತ್ತು ಕಣಮ್ಮಾ. ಪೂರ್ತಿ ಎಸೆದಿರಲಿಲ್ಲ. ನೀನು ವಾಪಸ್ ಕೊಟ್ಟಾಗ ಐದು ಪಟ್ಟಿ ತೆಗೆದು ಪುಟದ ಗುರುತಿಗೆ ಇಟ್ಕೊಂಡಿದ್ದೆ. ಒಳ್ಳೇ ಅಳತೆ ಅಲ್ವಾ, ಬಿಸಾಡೋಕೆ ಮನಸ್ಸು ಬರಲಿಲ್ಲ."

"ಪಟ್ಟಿ ತಂದಿದ್ದರೆ ಸಾಕಿತ್ತಲ್ಲ ಅಜ್ಜ, ಪುಸ್ತಕ ಯಾಕೆ ಹೊತ್ತು ತಂದ್ರಿ?"

"ಪುಟ ತಪ್ಪಿಹೋಗುತ್ತಲ್ಲಮ್ಮಾ! ನೀನು ತೆಗೆದ ಜಾಗಕ್ಕೆ ಚೀಟಿ ಇಡು."

ಧೂಳಕ್ಕ ಐದು ಚೀಟಿ ಹರಿದು ಐದು ಪುಟಗಳಲ್ಲಿ ಇಟ್ಟರು. ಮಾರನೆಯ ಬೆಳಿಗ್ಗೆ ಐದಕ್ಕೆ ಮೊದಲ ಪಟ್ಟಿ ಯಂತ್ರದೊಳಗೆ ಹೋಯಿತು. ಪುಸ್ತಕದೊಳಗೆ ಒತ್ತಿಕೊಂಡಿದ್ದ ಫಿಲ್ಮ್ ಚಪ್ಪಟೆಯಾಗಿ, ಗೀರಿಲ್ಲದೆ ಇತ್ತು. ಕಾಗದದ ನಾರು ಮಾತ್ರ ವಿಪರೀತ. ಮೂವತ್ತು ಚಿತ್ರಗಳ ಆ ನಾರನ್ನು ತೆಗೆಯಲು ಹನ್ನೊಂದು ದಿನ ಹಿಡಿಯಿತು. ಅಜ್ಜ ಬಂದು ಪರದೆಯ ಮುಂದೆ ಕೂತು, ಕನ್ನಡಕ ಒರೆಸಿ, ಬಹಳ ಹೊತ್ತು ನೋಡಿದರು. ಆಮೇಲೆ ಪರದೆಯ ಕಡೆಗೇ ತಿರುಗಿ, "ಏನೇ, ಈಗ ಕಾಣ್ತೀನಾ?" ಎಂದರು.

ಧೂಳಕ್ಕನ ಕೋಣೆಯಿಂದ ಈಗ ಯಾವ ನೆಗೆಟಿವ್ ಹೊರಗೆ ಹೋದರೂ ಡಬ್ಬಿಯ ಮೇಲೆ ಅವರ ಕೈಬರಹದ ಚೀಟಿ ಇರುತ್ತದೆ: ಎಸೆಯಬೇಡಿ. ಎಸೆಯಲೇಬೇಕಾದರೆ ನನಗೆ ಕೊಡಿ. ಹಾಗೆ ಬಂದ ಡಬ್ಬಿಗಳು ಅತ್ತೆಯ ಮಂಚದ ಕೆಳಗೆ ಹದಿನೇಳು ಇವೆ. ಅತ್ತೆಗೆ ಅಲ್ಲಿಯೂ ಗುಡಿಸಲು ಅನುಮತಿ ಇಲ್ಲ.

ಹಲ್ಲಿಗೆ ಮತ್ತೆ ಕೂಡಿಡಲು ಶುರುಮಾಡಿದ್ದೀರಾ ಎಂದರೆ, "ಮೊದಲು ಯಂತ್ರಕ್ಕೆ ಇನ್ನೊಂದು ಬೆಲ್ಟು ತಂದಿಡಬೇಕು" ಎನ್ನುತ್ತಾರೆ. ಗೋಡೆಯ ಗಡಿಯಾರ ಎಂಟು ತೋರಿಸುತ್ತದೆ. ಬಾಗಿಲಾಚೆ ಪೊರಕೆಯ ಸದ್ದು ಶುರುವಾಗುತ್ತದೆ. ಧೂಳಕ್ಕ ಯಂತ್ರಕ್ಕೆ ಬಟ್ಟೆ ಹೊದಿಸುತ್ತ, ಕೇಳದೆಯೇ ಲೆಕ್ಕ ಒಪ್ಪಿಸುತ್ತಾರೆ:

"ನೂರ ನಲವತ್ತನಾಲ್ಕರಲ್ಲಿ ನೂರ ಹದಿನಾಲ್ಕು ನನ್ನ ಕೈಯಿಂದ ಹೋಯ್ತು. ಮೂವತ್ತು ಉಳೀತು. ಆ ಮೂವತ್ತರಲ್ಲಿ ಅಜ್ಜಿ ಇರೋದು ಹತ್ತೊಂಬತ್ತರಲ್ಲಿ. ಹತ್ತೊಂಬತ್ತರಲ್ಲೂ ಅಜ್ಜನ್ನೇ ನೋಡ್ತಿದ್ದಾರೆ."