ಔಟಾದ ಖುಷಿ

ತನ್ನ ಮಗಳು ಗೌರಿಯನ್ನು ಇವತ್ತಿನ ನಂತರ ಮೈದಾನಕ್ಕೆ ಕಳಿಸುವುದಿಲ್ಲ ಎಂದ ಮಂಜುಳಾ ನನ್ನ ಫೋನ್ ಎತ್ತುತ್ತಿಲ್ಲ. ಅದಕ್ಕೇ ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟ ನಾನು ಇಲ್ಲಿ ಬರೆಯಬೇಕಾಗಿದೆ, ಕರ್ಮ. ನೀವೂ ಓದಿ ಗೆಳೆಯರೇ.

ಆಟ ಮುನ್ನಡೆಸಲು ಹುಡುಗ ಹುಡುಗಿಯರಿಗೆ ಚಂದಾಪುರದಲ್ಲಿ ನಾನು ಕಲಿಸುವ ತರಬೇತಿಯಲ್ಲಿ ಇಂದು ಚಿಕ್ಕ ಮಕ್ಕಳಿಗೆ ಖೊಖೊ ಆಡಿಸುವ ಸರದಿ ಗೌರಿಯದು. ಒಂದು ಪುಟ್ಟ ಹುಡುಗಿಯನ್ನು ಯಾವ ತಂಡವೂ ಕರೆಯಲಿಲ್ಲ.

“ಅವ್ಳು ಆಟಕ್ಕುಂಟು, ಲೆಕ್ಕಕ್ಕಿಲ್ಲ. ಸೀಟಿ ಊದಮ್ಮ!” ಎಂದು ಗದರಿದೆ.

“ನಂಗೂ ಇಂಗೇ ಅಂದಿದ್ರಿ ತಾತ. ಆವಾಗ ನಾನು ಔಟಾದ್ರೂ ಯಾರೂ ಔಟ್ ಅನ್ಲಿಲ್ಲ,” ಎಂದ ಗೌರಿ, ಮಗುವನ್ನು ಲೆಕ್ಕಕ್ಕೇ ಸೇರಿಸಿದಳು.

ಮಗು ಕ್ಷಣದಲ್ಲೇ ಔಟಾಯಿತು. ಎಲ್ಲರೂ “ಔಟ್!” ಎಂದು ಕೂಗಿದ್ದಕ್ಕೆ ಕುಣಿದಾಡಿತು.

ನನ್ನ ಸೀಟಿ ಇನ್ನು ಗೌರಿಯದು. ಮಂಜುಳಾ, ಕಳಿಸುತ್ತೀಯೋ ಇಲ್ಲವೋ, ಶನಿವಾರದೊಳಗೆ ಹೇಳು.